ಟೀಮ್‌ಗೆ ವೈರ್‌ಗಾರ್ಡ್ ಒಪ್ಪಿಸೋದು ಹೇಗೆ? ಹೆಬ್ಬಾಳದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಒಟ್ಟು 32 ಜನ, ಅದರಲ್ಲಿ ಡೆವಲಪರ್‌ಗಳು 21. ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ, ಮಂಡ್ಯ, ಮದ್ದೂರು, ನಂಜನಗೂಡು, ಶ್ರೀರಂಗಪಟ್ಟಣ ಹೀಗೆ ಎಲ್ಲೆಲ್ಲಿಂದಲೋ ಕನೆಕ್ಟ್ ಆಗ್ತಾರೆ. ಆಫೀಸಲ್ಲಿ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಇದೆ, ರೌಟರ್‌ನಲ್ಲಿ ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗೋ ಟೂಲ್) ಬಳಸೋ ಪೋರ್ಟ್ 22, ಒಂದು ವಿಂಡೋಸ್ ಮಷಿನ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389 ಎರಡೂ ಹೊರಗೆ ಓಪನ್. ಎಲ್ಲರ ಹತ್ರಾನೂ ಒಂದೇ ಎಸ್‌ಎಸ್‌ಎಚ್ ಕೀ. ಇನ್‌ಫ್ರಾ ನೋಡ್ಕೊಳ್ಳೋನು ನಾನೊಬ್ನೇ. ಎರಡು ತಿಂಗಳು ವೈರ್‌ಗಾರ್ಡ್ ಅನ್ನೋ ಓಪನ್ ಸೋರ್ಸ್ ವಿಪಿಎನ್ (ಇಂಟರ್‌ನೆಟ್ ಮೇಲೆ ಆಫೀಸ್ ನೆಟ್‌ವರ್ಕ್‌ಗೆ ಗುಪ್ತ ದಾರಿ ಮಾಡೋ ಟೂಲ್) ಟೆಸ್ಟ್ ಮಾಡಿ ಹೋದ ತಿಂಗಳು ಟೀಮ್ ಮುಂದೆ ಪ್ರೆಸೆಂಟ್ ಮಾಡ್ದೆ, 25 ಸ್ಲೈಡ್, ಯಾರೂ ಒಪ್ಪಲಿಲ್ಲ. ಒಬ್ರು ಸೀನಿಯರ್ "ಕೋಡ್ ಎಲ್ಲರಿಗೂ ಕಾಣತ್ತೆ ಅಂದ್ರೆ ಕಳ್ಳರಿಗೂ ಕಾಣತ್ತೆ ಅಲ್ವಾ, ಎಕ್ಸ್‌ಜೆಡ್ ಕಥೆ ಮರೆತ್ರಾ" ಅಂದ್ರು. ಇನ್ನೊಬ್ರು ವಿಪಿಎನ್ ಹಾಕಿದ್ರೆ ಎಲ್ಲ ಸ್ಲೋ ಆಗತ್ತೆ ಅಂದ್ರು. ಎಚ್‌ಆರ್ ಮೇಡಂ 2022ರಲ್ಲಿ ಸರ್ಕಾರ ವಿಪಿಎನ್ ಬ್ಯಾನ್ ಮಾಡ್ಲಿಲ್ವಾ ಅಂತ ಕೇಳಿದ್ರು. ನಿಂತಲ್ಲೇ ನನ್ನ ಬಾಯಿ ಕಟ್ಟೋಯ್ತು. ಮುಂದಿನ ಶನಿವಾರ ಇನ್ನೊಂದು ಚಾನ್ಸ್ ಕೊಟ್ಟಿದಾರೆ. ಏನು ಹೇಳ್ಲಿ? ವೈರ್‌ಗಾರ್ಡೇ ಸರೀನಾ, ಬೇರೆ ಏನಾದ್ರೂ ನೋಡ್ಬೇಕಾ? ಇನ್ನೊಂದು ವಿಷಯ, ಇಂಗ್ಲಿಷಲ್ಲಿ ಮಾತಾಡಕ್ಕೆ ಹೋದ್ರೆ ತಡವರಿಸ್ತೀನಿ, ಕನ್ನಡದಲ್ಲೇ ಮಾಡ್ಬಹುದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದ್ದೆ. ಟೂಲ್ ಬಗ್ಗೆ ನಿಮಗೆ ಅಷ್ಟೇನೂ ಸಂಶಯ ಇಲ್ಲ, ಎರಡು ತಿಂಗಳು ನೀವೇ ಓಡಿಸಿ ನೋಡಿದೀರ. ಕೊರೀತಿರೋದು ಏನಂದ್ರೆ ದಿನಾ ಜೊತೇಲಿ ಕಾಫಿ ಕುಡಿಯೋ ಜನ ಮೂರು ಪ್ರಶ್ನೆ ಕೇಳಿದಾಗ ಉತ್ತರ ಬರ್ಲಿಲ್ವಲ್ಲ ಅನ್ನೋದು. ನಾನೂ ಹದಿನೆಂಟು ವರ್ಷದಿಂದ ಸರ್ವರ್, ನೆಟ್‌ವರ್ಕ್ ಅಂತಾನೇ ಬದುಕಿರೋನು, ಹೊಸದ್ರಲ್ಲಿ ನನಗೂ ಹಿಂಗೇ ಆಗಿದೆ, ಅದರ ಸಂಕಟ ಗೊತ್ತು.

ಅದಕ್ಕೆ ಬರೋಕೆ ಮುಂಚೆ ಒಂದು ಕೆಲಸ, ಇದಕ್ಕೆ ಶನಿವಾರದವರೆಗೂ ಕಾಯ್ಬೇಡಿ, ಯಾರ ಒಪ್ಪಿಗೇನೂ ಬೇಡ. ರೌಟರ್‌ನಲ್ಲಿ 3389 ಫಾರ್ವರ್ಡ್ ಇವತ್ತೇ ತೆಗೀರಿ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪನ್ನ ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡೋದು ರ‍್ಯಾನ್ಸಮ್‌ವೇರ್ ಗ್ಯಾಂಗ್‌ಗಳು ಹುಡುಕ್ಕೊಂಡು ಬರೋ ಮೊದಲ ದಾರಿಗಳಲ್ಲಿ ಒಂದು. 2019ರಲ್ಲಿ ಬ್ಲೂಕೀಪ್ ಅಂತ ಒಂದು ತೂತು ಸಿಕ್ಕಿತ್ತಲ್ಲ, ಅದರಲ್ಲಿ ಹಳೇ ವಿಂಡೋಸ್ ಮಷಿನ್‌ಗಳಿಗೆ ಪಾಸ್‌ವರ್ಡೇ ಇಲ್ದೆ ಒಳಗೆ ನುಗ್ಗಬಹುದಿತ್ತು. ಆ ಮಷಿನ್ ಬೇಕೇಬೇಕು ಅನ್ನೋರು ಈ ವಾರ ಲಿನಕ್ಸ್ ಸರ್ವರ್ ಮೂಲಕ ಎಸ್‌ಎಸ್‌ಎಚ್ ಟನಲ್ ಹಾಕ್ಕೊಂಡು ಹೋಗ್ಲಿ, ಐದು ನಿಮಿಷದ ಸೆಟಪ್ ಅದು. ಹಂಗೇ ಪೋರ್ಟ್ 22ರಲ್ಲಿ ಪಾಸ್‌ವರ್ಡ್ ಲಾಗಿನ್, ರೂಟ್ (ಪೂರ್ತಿ ಅಧಿಕಾರ ಇರೋ ಖಾತೆ) ಲಾಗಿನ್ ಎರಡೂ ಆಫ್ ಇದ್ಯಾ ನೋಡಿ, ಇಲ್ಲಾಂದ್ರೆ ಆಫ್ ಮಾಡಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅನ್ನೋ ಹಂಗಾಗೋದು ಬೇಡ.

ಈಗ ಆ ಸೀನಿಯರ್ ವಿಷಯಕ್ಕೆ ಬರೋಣ, ಅವರ ಮಾತಲ್ಲಿ ಅರ್ಧ ತಪ್ಪು, ಅರ್ಧ ನೂರಕ್ಕೆ ನೂರು ಸರಿ. ದಯವಿಟ್ಟು ಅವರ ಜೊತೆ ವಾದಕ್ಕೆ ಇಳೀಬೇಡಿ, ಸರಿ ಇರೋ ಅರ್ಧಾನ ಮೊದ್ಲು ಒಪ್ಕೊಳ್ಳಿ.

ತಪ್ಪು ಯಾವ್ದು ಅಂದ್ರೆ, ಕೋಡ್ ಕಂಡ್ರೆ ಕಳ್ಳನಿಗೆ ಸುಲಭ ಅನ್ನೋದು. ಬೀಗ ಹೇಗೆ ಕೆಲಸ ಮಾಡತ್ತೆ ಅಂತ ಪ್ರತಿ ಬೀಗ ರಿಪೇರಿಯವನಿಗೂ ಗೊತ್ತು, ಆದ್ರೂ ನಾವು ಅದೇ ಬೀಗ ಹಾಕಿ ಊರಿಗೆ ಹೋಗ್ತೀವಿ, ಯಾಕಂದ್ರೆ ಕೀ ನಮ್ಮ ಜೇಬಲ್ಲಿದೆ. ಕೆರ್ಕ್‌ಹಾಫ್ಸ್ ಅನ್ನೋ ಭಾಷಾ ಪಂಡಿತರು 1883ರಲ್ಲೇ ಹೇಳಿದ ಮಾತಿದು, ಗುಟ್ಟು ಕೀನಲ್ಲಿ ಮಾತ್ರ ಇರ್ಬೇಕು, ಯಂತ್ರ ಶತ್ರು ಕೈಗೆ ಸಿಕ್ರೂ ತೊಂದ್ರೆ ಆಗ್ಬಾರ್ದು ಅಂತ. ನಿಮ್ಮ ಟೀಮ್ ದಿನಾ ಬಳಸೋ ಎಸ್‌ಎಸ್‌ಎಚ್ ಕೂಡ ಅದೇ ಜಾತಿ. 1995ರಲ್ಲಿ ಫಿನ್ಲೆಂಡಿನ ಟಾಟು ಯೂಲೊನೆನ್ ತಮ್ಮ ಯೂನಿವರ್ಸಿಟಿ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದಿಯೋದು ನಡೀತು ಅಂತ ಅದನ್ನ ಬರೆದ್ರು, 1999ರಿಂದ ಓಪನ್‌ಎಸ್‌ಎಸ್‌ಎಚ್ ರೂಪದಲ್ಲಿ ಎಲ್ಲರಿಗೂ ಕಾಣೋ ಹಂಗೇ ಇದೆ. ಅವರೆಲ್ಲ ನಂಬಿಕೊಂಡು ಕೂತಿರೋದೇ ಓಪನ್ ಸೋರ್ಸ್ ಮೇಲೆ.

ಸರಿ ಇರೋ ಅರ್ಧ ಎಕ್ಸ್‌ಜೆಡ್. ಇದನ್ನ ನೀವು ಚೆನ್ನಾಗಿ ತಿಳ್ಕೊಂಡು ಹೋಗ್ಬೇಕು, ಯಾಕಂದ್ರೆ ಟೀಮ್‌ನ ನಂಬಿಕೆ ಸಿಗೋದು ಇಲ್ಲೇ. ಎಕ್ಸ್‌ಜೆಡ್ ಅನ್ನೋದು ಫೈಲ್ ಕಂಪ್ರೆಸ್ ಮಾಡೋ ಸಣ್ಣ ಲೈಬ್ರರಿ. ಜಿಯಾ ಟ್ಯಾನ್ ಅನ್ನೋ ಹೆಸರಿಟ್ಕೊಂಡು ಯಾರೋ ಒಬ್ರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಕೆಲಸ ಮಾಡಿ, ದಣಿದಿದ್ದ ಮೂಲ ಮೇಂಟೇನರ್ ನಂಬಿಕೆ ಗಳಿಸಿ, 5.6.0 ಮತ್ತು 5.6.1ರಲ್ಲಿ ಹಿತ್ತಲ ಬಾಗಿಲು ಇಟ್ಬಿಟ್ರು. ಓಪನ್‌ಎಸ್‌ಎಸ್‌ಎಚ್ ನೇರವಾಗಿ ಎಕ್ಸ್‌ಜೆಡ್ ಬಳಸಲ್ಲ, ಕೆಲವು ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳು) ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನ ಶುರುಮಾಡಿ ನೋಡ್ಕೊಳ್ಳೋ ಪ್ರೋಗ್ರಾಂ) ಜೊತೆ ಹೊಂದಿಸೋಕೆ ಸೇರಿಸಿದ್ದ ಪ್ಯಾಚ್ ಮೂಲಕ ಅದು ಎಸ್‌ಎಸ್‌ಎಚ್ ಸರ್ವರ್ ಒಳಗೆ ಬರ್ತಿತ್ತು. ಮಾರ್ಚ್ 2024ರಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಯಾಕೆ ಅಂತ ಬೆನ್ನು ಹತ್ತಿ ಹಿಡಿದ್ರು, ಸ್ಟೇಬಲ್ ಡಿಸ್ಟ್ರೋಗಳಿಗೆ ಹೋಗೋಕೆ ಮುಂಚೆ. ಇದರಲ್ಲಿ ಡೆವಲಪರ್‌ಗಳು ಕಿವಿ ನಿಮಿರಿಸೋ ವಿಷಯ ಒಂದಿದೆ, ಹಿತ್ತಲ ಬಾಗಿಲನ್ನ ಎಬ್ಬಿಸೋ ಕೊನೇ ತುಂಡು ಗಿಟ್‌ನಲ್ಲಿ (ಎಲ್ಲರೂ ನೋಡೋ ಕೋಡ್ ಸಂಗ್ರಹ) ಇರ್ಲೇ ಇಲ್ಲ, ಬಿಡುಗಡೆ ಮಾಡೋವಾಗ ಕಟ್ಟಿಕೊಡೋ ಫೈಲ್ ಗಂಟು, ಅಂದ್ರೆ ರಿಲೀಸ್ ಟಾರ್‌ಬಾಲ್‌ನ ಬಿಲ್ಡ್ ಸ್ಕ್ರಿಪ್ಟಲ್ಲಿ ಮಾತ್ರ ಇತ್ತು. ಅಂದ್ರೆ ಗಿಟ್ ನೋಡ್ಕೊಂಡು ಕೂತಿದ್ದೋರಿಗೆ ಪೂರ್ತಿ ಕಥೆ ಕಾಣ್ತಾನೇ ಇರ್ಲಿಲ್ಲ.

ಹಂಗಾಗಿ ಅವರಿಗೆ ಹೀಗೆ ಹೇಳಿ: ಓಪನ್ ಅಂದ್ರೆ ಯಾರೋ ಚೆಕ್ ಮಾಡಿಟ್ಟಿದಾರೆ ಅಂತಲ್ಲ ಸರ್, ಬೇಕು ಅಂದ್ರೆ ನಾವು ಚೆಕ್ ಮಾಡ್ಬಹುದು ಅಂತ ಅಷ್ಟೇ, ಫ್ರಾಯಿಂಡ್ ಹಿಡಿಯೋಕೆ ಆಗಿದ್ದೂ ಅದಕ್ಕೇ. ಇಲ್ಲಿಂದಲೇ ವೈರ್‌ಗಾರ್ಡ್‌ನ ಬಲ ಹೇಳ್ಬಹುದು. ಅದರ ಕೋಡ್ ಸುಮಾರು 4,000 ಸಾಲು. ಇನ್ನೊಂದು ಹಳೇ ವಿಪಿಎನ್ ಆದ ಓಪನ್‌ವಿಪಿಎನ್ ಮತ್ತೆ ಅದು ನೆಚ್ಚಿರೋ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಸೇರಿಸಿದ್ರೆ ಲಕ್ಷಗಟ್ಟಲೆ ಸಾಲು. 4,000 ಸಾಲನ್ನ ಒಬ್ಬ ಒಳ್ಳೆ ಸಿ ಪ್ರೋಗ್ರಾಮರ್ ಒಂದೆರಡು ವಾರಾಂತ್ಯದಲ್ಲಿ ಕೂತು ಓದ್ಬಹುದು, ನಿಮ್ಮ ಸೀನಿಯರ್‌ಗೆ ಆಸಕ್ತಿ ಇದ್ರೆ ನಿಜವಾಗ್ಲೂ ಓದಲಿ. ಜೇಸನ್ ಡೊನೆನ್‌ಫೆಲ್ಡ್ ಬರೆದ ಈ ಕೋಡ್ ಮಾರ್ಚ್ 2020ರಲ್ಲಿ ಲಿನಕ್ಸ್ ಕರ್ನಲ್ 5.6ಕ್ಕೇ ಸೇರಿದೆ, ಅಂದ್ರೆ ಸರ್ವರ್‌ಗೆ ಎಲ್ಲಿಂದಲೋ ಬೈನರಿ ಡೌನ್‌ಲೋಡ್ ಮಾಡ್ಕೊಂಡು ಬರೋ ಪ್ರಮೇಯ ಇಲ್ಲ, ಡಿಸ್ಟ್ರೋ ಪ್ಯಾಕೇಜೇ ಸಾಕು.

ಯಾರಾದ್ರೂ "ಎಸ್‌ಎಸ್‌ಎಚ್ ಅಷ್ಟು ಚೆನ್ನಾಗಿದ್ರೆ 22 ಹಂಗೇ ಓಪನ್ ಇರ್ಲಿ ಬಿಡಿ" ಅಂತ ಕೇಳೇ ಕೇಳ್ತಾರೆ, ರೆಡಿ ಇರಿ. ಜುಲೈ 2024ರಲ್ಲಿ ರಿಗ್ರೆಶನ್ ಅಂತ ಹೆಸರಿಟ್ಟ ತೂತು ಹೊರಬಂತು, 2006ರಲ್ಲೇ ಮುಚ್ಚಿದ್ದ ತೂತು 2020ರ ಒಂದು ಬದಲಾವಣೇಲಿ ಗೊತ್ತಿಲ್ದೇ ಮತ್ತೆ ತೆರ್ಕೊಂಡಿತ್ತು, ಲಾಗಿನ್ ಆಗದೇ ರೂಟ್ ಸಿಗೋ ಅಂಥದ್ದು. ದಾಳಿ ಮಾಡೋದು ಸುಲಭ ಇರ್ಲಿಲ್ಲ ನಿಜ, ಆದ್ರೆ ಅವತ್ತು ರಾತ್ರಿ 22 ಓಪನ್ ಇಟ್ಟಿದ್ದೋರೆಲ್ಲ ನಿದ್ದೆಗೆಟ್ಟು ಪ್ಯಾಚ್ ಹಾಕಿದ್ರು, ವೈರ್‌ಗಾರ್ಡ್ ಹಿಂದೆ ಎಸ್‌ಎಸ್‌ಎಚ್ ಇಟ್ಟಿದ್ದೋರು ಬೆಳಿಗ್ಗೆ ಆರಾಮಾಗಿ ಹಾಕಿದ್ರು. ಸರಿಯಾದ ಕೀ ಇಲ್ದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರಾನೇ ಕೊಡಲ್ಲ, ಹೊರಗಿಂದ ಸ್ಕ್ಯಾನ್ ಮಾಡಿದವನಿಗೆ ಅಲ್ಲೊಂದು ಬಾಗಿಲು ಇದೆ ಅನ್ನೋದೇ ಗೊತ್ತಾಗಲ್ಲ.

ಇನ್ನು ಸ್ಲೋ ಅನ್ನೋ ದೂರು. ಇದನ್ನ ತಳ್ಳಿಹಾಕ್ಬೇಡಿ, ಅವರು ಅನುಭವಿಸಿರೋದನ್ನೇ ಹೇಳ್ತಿರ್ತಾರೆ, ಕಾರಣ ಮಾತ್ರ ಬೇರೆ ಇರತ್ತೆ. ಹೆಚ್ಚಿನ ಕಡೆ ವಿಪಿಎನ್ ಹಾಕಿದ ತಕ್ಷಣ ಯೂಟ್ಯೂಬು, ಮೀಟಿಂಗ್ ವಿಡಿಯೋ ಎಲ್ಲಾನೂ ಆಫೀಸ್ ಲೈನ್ ಮೂಲಕ ಸುತ್ತಿ ಬರೋ ಹಂಗೆ ಸೆಟ್ ಮಾಡಿರ್ತಾರೆ, ಮದ್ದೂರಿಂದ ಪಕ್ಕದ ಬೀದಿಗೆ ಹೋಗಕ್ಕೆ ಮೈಸೂರಿಗೆ ಬಂದು ಹೋದ ಹಾಗೆ. ನೀವು ವೈರ್‌ಗಾರ್ಡ್ ಕಾನ್ಫಿಗ್ ಫೈಲಿನ ಅಲೌಡ್ ಐಪೀಸ್ (AllowedIPs) ಅನ್ನೋ ಸಾಲಲ್ಲಿ ಆಫೀಸ್ ನೆಟ್‌ವರ್ಕ್ ಮಾತ್ರ ಬರೆದ್ರೆ ಉಳಿದದ್ದೆಲ್ಲ ಮನೆ ಲೈನಲ್ಲೇ ನೇರ ಹೋಗತ್ತೆ. ಎರಡನೇದು ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರ್ಬಹುದು ಅನ್ನೋ ಮಿತಿ, ಇದು ನನ್ನನ್ನ ಒಂದಿಡೀ ದಿನ ಕಾಡಿದೆ. ಮಂಡ್ಯದ ಸುಭಾಷ್ ನಗರದಿಂದ ಒಬ್ಬ ಹುಡುಗ ಕನೆಕ್ಟ್ ಆಗೋನು, ಎಸ್‌ಎಸ್‌ಎಚ್ ಪ್ರಾಂಪ್ಟ್ ಬರ್ತಿತ್ತು, ಸಣ್ಣ ಕಮಾಂಡ್ ಎಲ್ಲ ಓಡೋವು, ಗಿಟ್ ಕ್ಲೋನ್ ಹೊಡೆದ್ರೆ ಅಲ್ಲೇ ನಿಂತುಬಿಡೋದು. ಅವನು ಸರ್ವರ್ ಸರಿ ಇಲ್ಲ ಅಂತ, ನಾನು ಅವನ ಲೈನ್ ಸರಿ ಇಲ್ಲ ಅಂತ. ಕೊನೆಗೆ ನೋಡಿದ್ರೆ ಅವನಿದ್ದಿದ್ದು ಮೊಬೈಲ್ ಹಾಟ್‌ಸ್ಪಾಟಲ್ಲಿ, ವೈರ್‌ಗಾರ್ಡ್ ಡೀಫಾಲ್ಟ್ 1420 ಬೈಟ್ ಲೆಕ್ಕದಲ್ಲಿ ಪ್ಯಾಕೆಟ್ ಕಳಿಸ್ತಿತ್ತು, ದಾರಿ ಅದಕ್ಕಿಂತ ಕಿರಿದು, ದೊಡ್ಡ ಪ್ಯಾಕೆಟ್ ಎಲ್ಲ ಸದ್ದಿಲ್ಲದೆ ಬಿದ್ದೋಗ್ತಿತ್ತು. 1280 ಅಂತ ಬರೆದ ಕೂಡ್ಲೇ ಸರಿ ಹೋಯ್ತು. ಮೂರನೇದು, ನಿಮ್ಮ ಆಫೀಸ್ ನೆಟ್‌ವರ್ಕ್ 192.168.1 ಅಂತ ಶುರು ಆಗ್ತಿದ್ರೆ ಮೊದ್ಲು ಅದನ್ನ ಬದಲಾಯಿಸಿ, ಎಷ್ಟೋ ಮನೆ ರೌಟರ್‌ಗಳು ಅದನ್ನೇ ಬಳಸ್ತವೆ, ಎರಡೂ ಕಡೆ ಒಂದೇ ನಂಬರ್ ಆದ್ರೆ ಲ್ಯಾಪ್‌ಟಾಪ್ ಆಫೀಸ್ ಸರ್ವರ್ ಬದ್ಲು ಮನೆ ಪ್ರಿಂಟರ್‌ನ ಹುಡುಕ್ತಾ ಕೂರತ್ತೆ. ಇನ್ನೂ ಒಂದು ಮಿತಿ ನೀವೇ ಬಾಯಿಬಿಟ್ಟು ಹೇಳಿ, ವೈರ್‌ಗಾರ್ಡ್ ಯುಡಿಪಿ (ಇಂಟರ್‌ನೆಟ್‌ನಲ್ಲಿ ಪ್ಯಾಕೆಟ್ ಕಳಿಸೋ ಒಂದು ವಿಧಾನ) ಮೇಲೆ ಮಾತ್ರ ಹೋಗತ್ತೆ, ಯುಡಿಪಿ ತಡೆದಿರೋ ಕಾಲೇಜು, ಹೋಟೆಲ್ ವೈಫೈಗಳಲ್ಲಿ ಕನೆಕ್ಟ್ ಆಗಲ್ಲ, ಅಲ್ಲಿ ಮೊಬೈಲ್ ಡೇಟಾನೇ ಗತಿ. ಮನೆಗಳಲ್ಲಿ ಸಿಜಿನ್ಯಾಟ್ (ಒಂದೇ ಪಬ್ಲಿಕ್ ಐಪಿನ ಎಷ್ಟೋ ಮನೆಗಳು ಹಂಚ್ಕೊಳ್ಳೋ ವ್ಯವಸ್ಥೆ) ಇದ್ರೆ ಚಿಂತೆ ಬೇಡ, ಸ್ಟ್ಯಾಟಿಕ್ ಐಪಿ ಬೇಕಾಗಿರೋದು ನಿಮ್ಮ ಆಫೀಸ್ ಕಡೆ ಮಾತ್ರ, ಅದು ಇದೆ.

ಎಚ್‌ಆರ್ ಮೇಡಂ ಪ್ರಶ್ನೆಗೆ: ಬ್ಯಾನ್ ಆಗಿಲ್ಲ. ಏಪ್ರಿಲ್ 28, 2022ರಂದು ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಹೊರಡಿಸಿದ ನಿರ್ದೇಶನದಲ್ಲಿ ಗ್ರಾಹಕರ ವಿವರ ಐದು ವರ್ಷ ಇಟ್ಕೊಳ್ಬೇಕು ಅನ್ನೋ ನಿಯಮ ಜನಕ್ಕೆ ವಿಪಿಎನ್ ಸೇವೆ ಮಾರೋ ಕಂಪನಿಗಳಿಗೆ, ಸ್ವಂತ ಉದ್ಯೋಗಿಗಳಿಗೆ ಹಾಕ್ಕೊಂಡಿರೋ ಕಂಪನಿ ವಿಪಿಎನ್‌ಗೆ ಅದು ಅನ್ವಯಿಸಲ್ಲ ಅಂತ ಆಮೇಲೆ ಸ್ಪಷ್ಟ ಮಾಡಿದ್ರು. ಆದ್ರೆ ಅದೇ ನಿರ್ದೇಶನದ ಬೇರೆ ಎರಡು ಮಾತು ನಿಮಗೂ ಸೇರತ್ತೆ, ಸಿಸ್ಟಮ್ ಲಾಗ್‌ಗಳನ್ನ 180 ದಿನ ಇಟ್ಕೊಳ್ಬೇಕು, ಪಟ್ಟಿಯಲ್ಲಿರೋ ಥರದ ದಾಳಿ ಆದ್ರೆ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು. ಇಲ್ಲಿ ಒಂದು ಎಚ್ಚರಿಕೆ, ಯಾರು ಯಾವಾಗ ಬಂದ್ರು ಅಂತ ವೈರ್‌ಗಾರ್ಡ್ ತಾನಾಗೇ ಲಾಗ್ ಬರೆಯಲ್ಲ, ಕೊನೇ ಹ್ಯಾಂಡ್‌ಶೇಕ್ (ಎರಡೂ ಕಡೆ ಕೀ ಒಪ್ಪಿ ಕನೆಕ್ಟ್ ಆಗಿದ್ದು) ಎಷ್ಟೊತ್ತಿಗೆ ಅಂತ ಮಾತ್ರ ತೋರಿಸತ್ತೆ. ಯಾರು ಬಂದ್ರು ಅನ್ನೋ ದಾಖಲೆ ಎಸ್‌ಎಸ್‌ಎಚ್ ಲಾಗಿಂದಾನೇ ಬರ್ಬೇಕು, ಎಲ್ಲರ ಹತ್ರ ಒಂದೇ ಕೀ ಇದ್ರೆ ಆ ದಾಖಲೆಗೆ ಮೂರು ಕಾಸಿನ ಬೆಲೆ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಭಯ ಆಗಿದ್ದು ಆ ಒಂದೇ ಕೀ. ನೀವು ಅದನ್ನ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದೀರ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಕಂಪನಿ ನನ್ನನ್ನ ಕರೆಸಿತ್ತು, ಕೆಲಸ ಬಿಟ್ಟು ಹೋದ ಒಬ್ಬರ ಹಳೇ ಲ್ಯಾಪ್‌ಟಾಪ್ ಮಾರಾಟ ಆಗಿತ್ತು, ಅದರಲ್ಲಿ ಈ ಥರದ್ದೇ ಹಂಚಿಕೊಂಡ ಕೀ ಇತ್ತು. ಏನಾದ್ರೂ ಆಯ್ತಾ ಇಲ್ವಾ ಅಂತ ಹೇಳೋಕೇ ಆಗ್ಲಿಲ್ಲ, ಯಾಕಂದ್ರೆ ಲಾಗ್‌ನಲ್ಲಿ ಎಲ್ಲರೂ ಒಬ್ಬರೇ. ಕೀ ಬದಲಾಯಿಸೋಣ ಅಂದ್ರೆ ಅದು ಎಲ್ಲೆಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಬ್ಯಾಕಪ್ ಸ್ಕ್ರಿಪ್ಟಲ್ಲಿ, ಡಿಪ್ಲಾಯ್ ಜಾಬಲ್ಲಿ, ಯಾರದ್ದೋ ವಾಟ್ಸಾಪ್ ಚಾಟಲ್ಲಿ. ಎಲ್ಲ ಹುಡುಕಿ ತೆಗೆಯೋಕೆ ಒಂಬತ್ತು ದಿನ ಹಿಡೀತು. ಜನ ಕೀ ಹಂಚ್ಕೊಳ್ಳೋದು ಬೇಜವಾಬ್ದಾರಿಯಿಂದ ಅಲ್ಲ, ಹೊಸಬರು ಬಂದ ದಿನ ಅವರಿಗೆ ಆಕ್ಸೆಸ್ ಕೊಡೋಕೆ ಅದಕ್ಕಿಂತ ಸುಲಭದ ದಾರಿ ಇಲ್ದೇ ಇದ್ದಾಗ ಹಂಚ್ಕೋತಾರೆ. ನಿಮ್ಮ ಹೊಸ ವ್ಯವಸ್ಥೆ ಇದಕ್ಕಿಂತ ಕಷ್ಟ ಆದ್ರೆ ಒಂದೇ ತಿಂಗಳಲ್ಲಿ ಯಾರಾದ್ರೊಬ್ರು ಆಫೀಸ್ ಮಷಿನ್ ಮೇಲೆ ತಮ್ಮದೇ ಯಾವ್ದೋ ರಿಮೋಟ್ ಡೆಸ್ಕ್‌ಟಾಪ್ ಹಾಕ್ಕೊಂಡಿರ್ತಾರೆ, ಇದನ್ನ ಮನಸ್ಸಲ್ಲಿಟ್ಕೊಂಡು ಟೂಲ್ ಆರಿಸಿ.

21 ಜನಕ್ಕೆ ನನ್ನ ಆಯ್ಕೆ ಬರೀ ವೈರ್‌ಗಾರ್ಡ್, ಅದರೊಳಗೆ ಪ್ರತಿಯೊಬ್ಬರಿಗೂ ಅವರದ್ದೇ ಇಡಿ25519 ಬಗೆಯ ಎಸ್‌ಎಸ್‌ಎಚ್ ಕೀ, ಕೀಗೆ ಪಾಸ್‌ಫ್ರೇಸ್. ಇದರ ಅಪಾಯ ಏನು ಅಂದ್ರೆ ವೈರ್‌ಗಾರ್ಡ್‌ಗೆ ಯೂಸರ್ ಲಾಗಿನ್, ಓಟಿಪಿ ಇದ್ಯಾವ್ದೂ ಇಲ್ಲ, ಲ್ಯಾಪ್‌ಟಾಪ್ ಕಳೆದ್ರೆ ಆ ಕೀ ಹಿಡ್ಕೊಂಡು ನೆಟ್‌ವರ್ಕ್ ಒಳಗೆ ಬರ್ಬಹುದು. ಹಂಗಾಗಿ ಡಿಸ್ಕ್ ಎನ್‌ಕ್ರಿಪ್ಷನ್ ಕಡ್ಡಾಯ, ಲ್ಯಾಪ್‌ಟಾಪ್ ಕಳೆದ ತಕ್ಷಣ ರಾತ್ರಿ ಆಗಿದ್ರೂ ನಿಮಗೆ ಫೋನ್ ಮಾಡ್ಬೇಕು, ಫೋನ್ ಮಾಡಿದವರ ಮೇಲೆ ಯಾರೂ ರೇಗ್ಬಾರ್ದು. ಮುಂದೆ ಧೈರ್ಯ ಬಂದಾಗ ಎಸ್‌ಎಸ್‌ಎಚ್ ಸರ್ಟಿಫಿಕೇಟ್ ಕಲೀರಿ, 2010ರಿಂದಲೇ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದೆ, ಬೆಳಿಗ್ಗೆ ಕೊಟ್ಟ ಪರವಾನಗಿ ಎಂಟು ಗಂಟೆ ಆದ್ಮೇಲೆ ತಾನೇ ಸತ್ತೋಗತ್ತೆ, ಬಳಸೋರು ತೀರಾ ಕಮ್ಮಿ.

ಜನ ಐವತ್ತು ದಾಟಿದ್ರೆ ಕೈಯಲ್ಲಿ ಕೀ ನಿಭಾಯಿಸೋದು ಕಷ್ಟ. ಆಗ ವೈರ್‌ಗಾರ್ಡ್ ಮೇಲೇ ಕಟ್ಟಿರೋ ನೆಟ್‌ಬರ್ಡ್ ನೋಡಿ, ಕಂಪನಿ ಇಮೇಲ್ ಲಾಗಿನ್ ಜೊತೆ ಸೇರ್ಕೊಳ್ಳತ್ತೆ, ನಿಮ್ಮ ಸರ್ವರಲ್ಲೇ ನಡೆಸ್ಬಹುದು. ಅದೇ ಥರದ ಟೇಲ್‌ಸ್ಕೇಲ್ ಸುಲಭ, ಆದ್ರೆ ಮಷಿನ್‌ಗಳನ್ನ ಒಂದಕ್ಕೊಂದು ಪರಿಚಯಿಸೋ ಅದರ ಕೋಆರ್ಡಿನೇಶನ್ ಸರ್ವರ್ ಓಪನ್ ಅಲ್ಲ. ಆ ಸರ್ವರ್ ಜಾಗಕ್ಕೆ ಬರೆದಿರೋ ಹೆಡ್‌ಸ್ಕೇಲ್ ಓಪನ್, ಆದ್ರೆ ವೈಯಕ್ತಿಕ ಬಳಕೆಗೆ, ಸಣ್ಣ ಗುಂಪಿಗೆ ಅಂತ ಅದನ್ನ ಮಾಡಿದವರೇ ಹೇಳ್ಕೊಂಡಿದಾರೆ. ಟೆಲಿಪೋರ್ಟ್ ಅನ್ನೋ ಆಕ್ಸೆಸ್ ಟೂಲ್ ಸೆಷನ್ ರೆಕಾರ್ಡಿಂಗ್ ಕೊಡತ್ತೆ, ಆಡಿಟ್ ಕೇಳೋ ಗ್ರಾಹಕರಿದ್ರೆ ಒಳ್ಳೇದು, ಒಬ್ಬರೇ ಸಾಕೋಕೆ ಮಾತ್ರ ಭಾರ. ಅದರ ಲೈಸೆನ್ಸ್ 2023ರ ಕೊನೆಗೆ ಅಪಾಚೆಯಿಂದ ಇನ್ನೂ ಕಟ್ಟುನಿಟ್ಟಾದ ಎಜಿಪಿಎಲ್‌ಗೆ ಬದಲಾಯ್ತು, ಅವರು ಕೊಡೋ ಕಮ್ಯುನಿಟಿ ಎಡಿಷನ್‌ಗೆ ಕಂಪನಿ ಗಾತ್ರ, ವರಮಾನದ ಮೇಲೆ ಷರತ್ತೂ ಇದೆ, ಓದ್ಕೊಂಡೇ ಹಾಕಿ. ಆ ವಿಂಡೋಸ್ ಮಷಿನ್‌ಗೆ ಬೇಕಿದ್ರೆ ವೈರ್‌ಗಾರ್ಡ್ ಒಳಗಡೆ ಅಪಾಚೆ ಗ್ವಾಕಮೋಲಿ ಇಡ್ಬಹುದು, ಬ್ರೌಸರಲ್ಲೇ ಡೆಸ್ಕ್‌ಟಾಪ್ ಬರತ್ತೆ.

ಈಗ ಶನಿವಾರ. 25 ಸ್ಲೈಡ್ ಪಕ್ಕಕ್ಕಿಡಿ. ಡೆವಲಪರ್‌ಗಳು ತಾವೇ ಮುಟ್ಟಿ ನೋಡೋಕೆ ಆಗೋದನ್ನ ನಂಬ್ತಾರೆ, ನಾನು ನೋಡಿರೋ ಹಾಗೆ ಬೇರೆ ಯಾವ್ದನ್ನೂ ನಂಬಲ್ಲ. ಹಂಗಾಗಿ ನಿಮ್ಮದೇ ಸರ್ವರ್‌ನ ಲಾಗಿನ್ ಲಾಗ್ ತೆರೆದು ಪ್ರೊಜೆಕ್ಟರ್ ಮೇಲೆ ಓಡೋಕೆ ಬಿಡಿ, ರೂಟ್, ಅಡ್ಮಿನ್, ಒರಾಕಲ್, ಟೆಸ್ಟ್ ಅಂತ ಯಾವ್ಯಾವ್ದೋ ದೇಶದಿಂದ ಬಾಗಿಲು ಬಡೀತಿರೋದು ಕಾಣತ್ತೆ. ಒಂದು ವಾರದ ಲೆಕ್ಕ ಮೊದಲೇ ತೆಗೆದಿಟ್ಕೊಳ್ಳಿ, ಆ ನಂಬರ್ ನಿಮ್ಮ ಆಫೀಸಿಂದೇ ಆಗಿರೋದ್ರಿಂದ ಯಾರೂ ಅಲ್ಲಗಳೆಯಕ್ಕೆ ಆಗಲ್ಲ. ಆಮೇಲೆ ಒಬ್ಬರ ಮೊಬೈಲ್ ಹಾಟ್‌ಸ್ಪಾಟಿಂದ ಆಫೀಸ್ ಐಪಿನ ಸ್ಕ್ಯಾನ್ ಮಾಡಿಸಿ, 22 ಕಾಣತ್ತೆ, ಪೋರ್ಟ್ 51820ರಲ್ಲಿ ಕೂತಿರೋ ವೈರ್‌ಗಾರ್ಡ್ ಇದೆ ಅಂತ ಖಚಿತವಾಗಿ ಹೇಳಕ್ಕೆ ಸ್ಕ್ಯಾನರ್‌ಗೆ ಆಗಲ್ಲ.

ಆಮೇಲೆ ಸ್ಲೋ ಅಂದವರನ್ನೇ ಮುಂದೆ ಕರೀರಿ. ಅವರ ಲ್ಯಾಪ್‌ಟಾಪಲ್ಲಿ ಶುರುವಿಂದ ಇನ್‌ಸ್ಟಾಲ್ ಮಾಡಿಸಿ, ಗಡಿಯಾರ ಇಟ್ಕೊಳ್ಳಿ. ಕೀ ಅವರ ಮಷಿನಲ್ಲೇ ಹುಟ್ಲಿ, ಹೊರಗೆ ಕೊಡ್ಬಹುದಾದ ಪಬ್ಲಿಕ್ ಕೀ ಮಾತ್ರ ನಿಮಗೆ ಕಳಿಸ್ಲಿ, ಗುಟ್ಟಾಗಿಡೋ ಪ್ರೈವೇಟ್ ಕೀ ನೀವೂ ನೋಡಲ್ಲ ಅಂತ ಹೇಳಿ, ಈ ಒಂದು ಮಾತು ಅವರಿಗೆ ತುಂಬಾ ಮುಖ್ಯ ಆಗತ್ತೆ, ಬಾಸ್ ನಮ್ಮ ಮೇಲೆ ಕಣ್ಣಿಡೋಕೆ ಇದನ್ನ ತರ್ತಿದಾರಾ ಅನ್ನೋ ಅನುಮಾನ ಬಹಳ ಜನಕ್ಕಿರತ್ತೆ. ಅದೇ ಹಾಟ್‌ಸ್ಪಾಟಲ್ಲಿ ವೈರ್‌ಗಾರ್ಡ್ ಇಲ್ದೆ ಒಂದ್ಸಲ, ಇದ್ದು ಒಂದ್ಸಲ ಗಿಟ್ ಕ್ಲೋನ್ ಮಾಡಿಸಿ, ಎರಡೂ ಟೈಮ್ ಬೋರ್ಡ್ ಮೇಲೆ ಬರೀರಿ, ಬಂದಿದ್ದು ಬಂದ ಹಾಗೇ. ಆಮೇಲೆ ಅವರ ಎದುರೇ ಸರ್ವರ್ ಕಾನ್ಫಿಗ್‌ನಿಂದ ಅವರ ಪಿಯರ್ ಎಂಟ್ರಿ (ಅವರ ಪಬ್ಲಿಕ್ ಕೀ ಇರೋ ಭಾಗ) ತೆಗೀರಿ, ಕನೆಕ್ಷನ್ ಅಲ್ಲೇ ಸಾಯತ್ತೆ. ಕಳೆದ ಲ್ಯಾಪ್‌ಟಾಪ್ ಕಥೆಗೆ ಉತ್ತರ ಅದು.

ಕೊನೇ ಡೆಮೊ, ಹೆಚ್ಚಿನವರು ಬಿಟ್ಬಿಡೋದು, ಸರ್ವರ್ ರೀಬೂಟ್ ಮಾಡಿ. ವೈರ್‌ಗಾರ್ಡ್ ತಾನೇ ಎದ್ದು ಬರೋದನ್ನ ತೋರ್ಸಿ, ಹಿಂದಿನ ದಿನ ಇದನ್ನ ಮೂರು ಸಲ ಅಭ್ಯಾಸ ಮಾಡಿರಿ. ಕರೆಂಟ್ ಹೋಗಿ ಆಫೀಸ್ ಲೈನೇ ಬಿದ್ದಾಗ ಏನು ಗತಿ ಅಂತಾನೂ ನೀವೇ ಎತ್ತಿ, ಯುಪಿಎಸ್ ಎಷ್ಟೊತ್ತು ಬರತ್ತೆ, ಎರಡನೇ ಲೈನ್‌ಗೆ ಸ್ಟ್ಯಾಟಿಕ್ ಐಪಿ ಇಲ್ದಿದ್ರೆ ಬೆಂಗಳೂರೋ ಮುಂಬೈಯೋ ಡೇಟಾ ಸೆಂಟರಲ್ಲಿ ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ಒಂದನ್ನ ನಡುವೆ ಇಡಬೇಕಾಗತ್ತೆ ಅಂತ. ಮಲೇರಿಯಾ ಬಂದು ನೀವು ಒಂದು ವಾರ ಮಲಗಿದ್ರೆ ಯಾರು ನೋಡ್ತಾರೆ ಅನ್ನೋದಕ್ಕೂ ಹೆಸರು ಬೇಕು. ನನ್ನ ಸಲಹೆ, ಆ ಎಕ್ಸ್‌ಜೆಡ್ ಸೀನಿಯರ್‌ನೇ ಕೇಳಿ. ಕಾನ್ಫಿಗ್ ಫೈಲನ್ನ, ಕೀ ಬಿಟ್ಟು, ನಿಮ್ಮ ಒಳಗಿನ ಗಿಟ್‌ನಲ್ಲಿ ಹಾಕಿ ಅವರಿಂದ ರಿವ್ಯೂ ಮಾಡಿಸಿ. ಅನುಮಾನ ಪಡೋ ಗುಣ ಇರೋರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಅವತ್ತೇ ಎಲ್ಲರೂ ಬದಲಾಗ್ಬೇಕು ಅಂತ ಕೇಳ್ಬೇಡಿ. ಮೂರು ಜನ, ಎರಡು ವಾರ, ಪೋರ್ಟ್ 22 ಹಂಗೇ ಇರತ್ತೆ, ತೊಂದ್ರೆ ಆದ್ರೆ ಹಳೇ ದಾರಿಗೆ ವಾಪಸ್. ಎರಡು ವಾರ ಚೆನ್ನಾಗಿ ನಡೆದ್ರೆ 22 ಮುಚ್ಚೋ ತಾರೀಖು ಇದು ಅಂತ ಅವತ್ತೇ ಬರೆಸ್ಕೊಳ್ಳಿ, ತಾರೀಖು ಇಲ್ದಿದ್ರೆ ಎರಡೂ ಬಾಗಿಲು ತೆರೆದೇ ಉಳೀತವೆ.

ಕನ್ನಡದಲ್ಲಿ ಮಾಡ್ಬಹುದಾ ಅಂತ ಕೇಳಿದ್ರಿ. ಖಂಡಿತ ಮಾಡಿ. ಪೋರ್ಟು, ಕೀ, ಟನಲ್ ಅನ್ನೋ ಪದ ಹೆಂಗಿದ್ರೂ ಹಂಗೇ ಬರ್ತವೆ, ಸ್ಕ್ರೀನ್ ಮೇಲೆ ಕಾಣೋದೂ ಇಂಗ್ಲಿಷೇ. ಟೀಮಲ್ಲಿ ಕನ್ನಡ ಬರದವರಿದ್ರೆ ಪಕ್ಕದಲ್ಲಿ ಒಬ್ಬರನ್ನ ಕೂರಿಸಿ, ನಡುನಡುವೆ ನಿಲ್ಲಿಸಿ ಅವರಿಗೆ ಅರ್ಥ ಆಯ್ತಾ ಅಂತ ಕೇಳ್ತಾ ಹೋಗಿ. ಪ್ರಶ್ನೆಗೆ ಅಂತ ಇಪ್ಪತ್ತು ನಿಮಿಷ ಉಳಿಸಿ, ಉತ್ತರ ಗೊತ್ತಿಲ್ದೇ ಇರೋದನ್ನ ಕೇಳಿದವರ ಹೆಸರಿನ ಜೊತೆ ಬೋರ್ಡ್ ಮೇಲೆ ಬರೀರಿ, ಸೋಮವಾರ ಸಂಜೆಯೊಳಗೆ ಹೇಳ್ತೀನಿ ಅನ್ನಿ, ಸೋಮವಾರ ಸಂಜೆಯೊಳಗೆ ಅವರ ಟೇಬಲ್ ಹತ್ರ ಹೋಗಿ ಹೇಳಿ.